ಅರಮಂಡಿಯಲ್ಲಿ ತಿರುಗಬೇಕಾದ್ದು ಮಂಡಿ ಅಲ್ಲ

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ. ಬಸವನಗುಡಿಯಲ್ಲಿ ಭರತನಾಟ್ಯ ಕಲಿಯುತ್ತಿದ್ದಾಳೆ. ಅರಮಂಡಿಯಲ್ಲಿ, ಅಂದರೆ ಪಾದ ಪಕ್ಕಕ್ಕೆ ತಿರುಗಿಸಿ ಮಂಡಿ ಅರ್ಧ ಮಡಿಸಿದ ಭಂಗಿಯಲ್ಲಿ, ಸ್ವಲ್ಪ ಹೊತ್ತು ನಿಂತರೆ ಮಂಡಿಯ ಒಳಬದಿ ನೋಯುತ್ತದೆ ಅನ್ನುತ್ತಾಳೆ. ಮಂಡಿ ಬಾಗಿಲಿನ ಕೀಲಿನ ಥರ, ಒಂದೇ ದಿಕ್ಕಿಗೆ ಮಡಿಸುತ್ತದೆ ಅಂತ ಅವಳ ವಿಜ್ಞಾನದ ಪುಸ್ತಕದಲ್ಲಿದೆ. 'ಹಾಗಾದ್ರೆ ಡಾನ್ಸ್‌ನಲ್ಲಿ ಮಂಡಿ ಪಕ್ಕಕ್ಕೆ ಹೇಗೆ ತಿರುಗುತ್ತೆ ಅಮ್ಮಾ?' ಅಂತ ಕೇಳಿದಳು. ನನಗೆ ಹೇಳಲು ಗೊತ್ತಾಗಲಿಲ್ಲ. ಯೋಗ ಕ್ಲಾಸಿನಲ್ಲಿ ಪದ್ಮಾಸನ ಹಾಕಿದರೆ ನನಗೂ ಮಂಡಿ ಹಿಡಿದುಕೊಳ್ಳುತ್ತದೆ. ನಮ್ಮ ಅತ್ತೆಗೆ ಒಂದು ಕೈ ಮೇಲೆತ್ತಲು ಆಗುತ್ತಿಲ್ಲ, ಜಡೆ ಹಾಕಿಕೊಳ್ಳುವುದೂ ಕಷ್ಟವಾಗಿದೆ. ಕೀಲುಗಳಲ್ಲಿ ಎಷ್ಟು ಬಗೆ? ಯಾವುದು ಎಷ್ಟು ತಿರುಗಬೇಕು? ನೆಟಿಕೆ ಮುರಿಯುವುದು ಕೆಟ್ಟದ್ದಾ?

ಉತ್ತರ: ಮೊದಲು ಮಗಳ ಪ್ರಶ್ನೆ. ಅರಮಂಡಿಯಲ್ಲಿ ಮಂಡಿ ಪಕ್ಕಕ್ಕೆ ತಿರುಗುವುದಿಲ್ಲ, ತಿರುಗಲೂಬಾರದು. ತಿರುಗುವುದು ತೊಡೆ, ಅದೂ ಬುಡದಿಂದ. ತೊಡೆ ಹೊರಕ್ಕೆ ತಿರುಗಿದಾಗ ಮಂಡಿ ಅದರ ಜೊತೆಗೇ ಹೊರಕ್ಕೆ ಮುಖ ಮಾಡುತ್ತದೆ, ಆಮೇಲೆ ತನ್ನ ಮುಖ್ಯ ಕೆಲಸ ಮಾಡುತ್ತದೆ, ಮಡಿಸಿಕೊಳ್ಳುತ್ತದೆ. ತೊಡೆಯ ಬುಡ ಸಾಕಷ್ಟು ತಿರುಗದೆ ಇದ್ದರೂ ಪಾದಗಳನ್ನು ಮಾತ್ರ ಪೂರ್ತಿ ಪಕ್ಕಕ್ಕೆ ಇಟ್ಟು ನಿಂತರೆ, ಕಮ್ಮಿ ಬಿದ್ದ ತಿರುವನ್ನು ಮಂಡಿಯೇ ಕೊಡಬೇಕಾಗುತ್ತದೆ. ಆಗ ಒಳಬದಿ ನೋಯುತ್ತದೆ. ನಿಮ್ಮ ಪದ್ಮಾಸನದ ನೋವಿಗೂ ಬಹುಮಟ್ಟಿಗೆ ಇದೇ ಕಾರಣ. ನೋವು ಮಂಡಿಯಲ್ಲಿ, ತಕರಾರು ಅದರ ಮೇಲಿನ ಕೀಲಿನಲ್ಲಿ.

ಇದು ಅರ್ಥವಾಗಬೇಕಾದರೆ ಕೀಲುಗಳ ಬಗೆ ಸ್ವಲ್ಪ ತಿಳಿದಿರಬೇಕು. ಎರಡು ಮೂಳೆ ಸೇರುವ ಜಾಗವೆಲ್ಲ ಕೀಲೇ, ಅದು ಅಲ್ಲಾಡಲಿ ಬಿಡಲಿ. ದೊಡ್ಡವರ ಮೈಯಲ್ಲಿ ಸಾಮಾನ್ಯವಾಗಿ 206 ಮೂಳೆ ಅಂತ ಲೆಕ್ಕ. ಅವು ಸೇರುವ ರೀತಿ ಮೂರು. ಕೆಲವು ಕಡೆ ಗಟ್ಟಿ ನಾರು ಹೊಲಿದಂತೆ ಹಿಡಿದಿರುತ್ತದೆ, ತಲೆಬುರುಡೆಯ ಹೊಲಿಗೆಗಳು ಹೀಗೆ. ಹಸುಗೂಸಿನ ನೆತ್ತಿಗೆ ಹರಳೆಣ್ಣೆ ಹಚ್ಚುವಾಗ ಕೈಗೆ ಮೆತ್ತಗೆ ಸಿಗುತ್ತದಲ್ಲ, ಅದು ಆ ಮೂಳೆಗಳು ಇನ್ನೂ ಕೂಡದ ಜಾಗ. ಸುಮಾರು ಒಂದೂವರೆ ವರ್ಷದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಹೆರಿಗೆಯ ಹೊತ್ತಿನಲ್ಲಿ ತಲೆ ಸ್ವಲ್ಪ ಒತ್ತಿಕೊಂಡು ಹೊರಬರಲು, ಆಮೇಲೆ ಮಿದುಳು ಬೆಳೆಯಲು ಈ ಸಡಿಲ ಬೇಕೇಬೇಕು. ಹಲ್ಲು ದವಡೆಯ ಗುಳಿಯಲ್ಲಿ ಕೂತಿರುವುದೂ ನಾರಿನ ಹಿಡಿತದಲ್ಲೇ.

ಎರಡನೆಯ ರೀತಿಯಲ್ಲಿ ಮೂಳೆಗಳ ಮಧ್ಯೆ ಕಾರ್ಟಿಲೇಜ್, ಅಂದರೆ ಮೃದ್ವಸ್ಥಿಯ ಗಟ್ಟಿ ಮೆತ್ತೆ ಇರುತ್ತದೆ. ಬೆನ್ನುಮೂಳೆಯ 23 ಡಿಸ್ಕ್‌ಗಳು ಈ ಜಾತಿ. ಒಂದೊಂದೂ ಬಾಗುವುದು ಸ್ವಲ್ಪವೇ, ಎಲ್ಲ ಸೇರಿದಾಗ ನಾವು ಬಗ್ಗಿ ರಂಗೋಲಿ ಹಾಕುವಷ್ಟಾಗುತ್ತದೆ. ದಿನವಿಡೀ ಭಾರ ಹೊತ್ತು ಡಿಸ್ಕ್‌ಗಳ ನೀರು ಸ್ವಲ್ಪ ಹಿಂಡಿಹೋಗುತ್ತದೆ, ರಾತ್ರಿ ಮಲಗಿದಾಗ ಮತ್ತೆ ಹೀರಿಕೊಳ್ಳುತ್ತವೆ. ಹಾಗಾಗಿ ಬೆಳಿಗ್ಗೆ ಎದ್ದಾಗ ನಾವು ರಾತ್ರಿಗಿಂತ ಸುಮಾರು 1 ಸೆಂ.ಮೀ. ಎತ್ತರ ಇರುತ್ತೇವೆ. ಸೊಂಟದ ಮುಂಭಾಗದಲ್ಲಿ ಎರಡು ಮೂಳೆ ಸೇರುವ ಕಡೆಯೂ ಇಂಥದ್ದೇ ಕೀಲು, ಬಸಿರಿನಲ್ಲಿ ಅದು ಸಡಿಲಗೊಳ್ಳುತ್ತದೆ.

ಮೂರನೆಯದೇ ನಮಗೆ ದಿನಾ ಕೆಲಸ ಕೊಡುವ ಜಾತಿ. ಭುಜ, ಮೊಣಕೈ, ಬೆರಳು, ಮಂಡಿ, ಪಾದ, ಎಲ್ಲ ಇದೇ. ಮೂಳೆಗಳ ತುದಿಗೆ ಕೆಲವೇ ಮಿಲಿಮೀಟರ್ ದಪ್ಪದ ನುಣುಪಾದ ಕಾರ್ಟಿಲೇಜ್. ಸುತ್ತ ಒಂದು ಚೀಲ. ಚೀಲದೊಳಗೆ ಜಾರಿಕೆಗೆ ಅಂಟಂಟಾದ ದ್ರವ. ಹೊರಗೆ ಬಿಗಿಹಿಡಿಯಲು ಲಿಗಮೆಂಟುಗಳು, ಅಂದರೆ ಮೂಳೆಗೆ ಮೂಳೆ ಕಟ್ಟುವ ನಾರಿನ ಪಟ್ಟಿಗಳು. ಮಂಡಿಯಷ್ಟು ದೊಡ್ಡ ಕೀಲಿನಲ್ಲೂ ಆರೋಗ್ಯವಾಗಿರುವಾಗ ಈ ದ್ರವ ಇರುವುದು ಕೆಲವೇ ಮಿಲಿಲೀಟರ್, ಒಂದು ಟೀ ಚಮಚ ತುಂಬುವುದೂ ಕಷ್ಟ. 'ಮಂಡಿಯಲ್ಲಿ ನೀರು ತುಂಬಿದೆ' ಅನ್ನುತ್ತಾರಲ್ಲ, ಅದು ಈ ದ್ರವ ಜಾಸ್ತಿಯಾಗಿದೆ ಅಂತ.

ಇಲ್ಲೊಂದು ವಿಷಯ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ದೊಡ್ಡವರ ಈ ಕಾರ್ಟಿಲೇಜಿಗೆ ರಕ್ತನಾಳ ಇಲ್ಲ, ನೋವು ತಿಳಿಸುವ ನರವೂ ಇಲ್ಲ. ಪಾತ್ರೆ ಉಜ್ಜುವ ಸ್ಪಂಜನ್ನು ನೀರಿನಲ್ಲಿ ಅದುಮಿ ಬಿಟ್ಟಾಗ ಹೇಗೆ ನೀರು ಹೊರಹೋಗಿ ಒಳಬರುತ್ತದೋ, ಹಾಗೆ ಭಾರ ಬಿದ್ದು ಎದ್ದು ಮಾಡಿದಾಗಲೇ ದ್ರವದಲ್ಲಿರುವ ಆಹಾರ ಅದರೊಳಗೆ ಚೆನ್ನಾಗಿ ಇಳಿಯುವುದು. ಔಟರ್ ರಿಂಗ್ ರಸ್ತೆಯ ಆಫೀಸಿನಲ್ಲಿ ಇಡೀ ದಿನ ಕುರ್ಚಿ, ಮತ್ತೆ ಎರಡು ಗಂಟೆ ಟ್ರಾಫಿಕ್‌ನಲ್ಲಿ ಸೀಟು. ಮೂವತ್ತೈದು ದಾಟದವರೂ 'ಎದ್ದ ತಕ್ಷಣ ಮಂಡಿ ಜಾಮ್ ಆಗಿರುತ್ತೆ, ನಾಲ್ಕು ಹೆಜ್ಜೆ ಹಾಕಿದ ಮೇಲೆ ಸರಿಹೋಗುತ್ತೆ' ಅಂತ ಬರುತ್ತಾರೆ. ಕೀಲಿಗೆ ವಿಶ್ರಾಂತಿ ಕೊಟ್ಟಷ್ಟೂ ಒಳ್ಳೆಯದು ಅಂತ ನಂಬಿದವರಿಗೆ ಇದನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ.

ಅಲ್ಲಾಡುವ ಈ ಕೀಲುಗಳಲ್ಲಿ ಆರು ಬಗೆ. ಮೂಳೆಯ ತುದಿ ಯಾವ ಆಕಾರದಲ್ಲಿದೆಯೋ ಅದೇ ಚಲನೆಯನ್ನು ತೀರ್ಮಾನಿಸುತ್ತದೆ.

ಮಣಿಕಟ್ಟಿನ ಮತ್ತು ಪಾದದ ಸಣ್ಣ ಮೂಳೆಗಳ ನಡುವೆ ಇರುವುದು ಚಪ್ಪಟೆ ಕೀಲು, ಅಲ್ಲಿ ಒಂದರ ಮೇಲೊಂದು ಸ್ವಲ್ಪ ಸರಿದಾಡುತ್ತವೆ ಅಷ್ಟೇ. ಮೊಣಕೈ ಒಳ್ಳೆಯ ಬಾಗಿಲ ಕೀಲು, ಮಡಿಸು, ಚಾಚು, ಅದು ಬಿಟ್ಟರೆ ಇನ್ನೇನಿಲ್ಲ. ಹಾಗಾದರೆ ಗಾಡಿಗೆ ಕೀ ಹಾಕಿ ತಿರುಗಿಸುತ್ತೇವಲ್ಲ, ಆ ತಿರುವು ಎಲ್ಲಿಂದ ಬಂತು? ಅದು ಮೂರನೆಯ ಬಗೆ, ತಿರುಗಣಿ ಕೀಲು. ಬಲ ಮುಂಗೈಯನ್ನು ಎಡಗೈಯಿಂದ ಸಡಿಲವಾಗಿ ಹಿಡಿದುಕೊಂಡು ಬಲ ಅಂಗೈಯನ್ನು ಮೇಲೆ, ಕೆಳಗೆ ಮಾಡಿ ನೋಡಿ. ಕಿರುಬೆರಳಿನ ಕಡೆಯ ಮೂಳೆ ಹೆಚ್ಚುಕಮ್ಮಿ ನಿಂತಲ್ಲೇ ನಿಂತಿರುತ್ತದೆ, ಹೆಬ್ಬೆರಳಿನ ಕಡೆಯದು ಅದನ್ನು ದಾಟಿಕೊಂಡು ಹೊರಳುತ್ತದೆ. ಎರಡೂ ಕಡೆಗೆ ಸುಮಾರು 80 ರಿಂದ 90 ಡಿಗ್ರಿ. ಕತ್ತಿನ ತುದಿಯಲ್ಲೂ ತಿರುಗಣಿ ಇದೆ: ಎರಡನೆಯ ಮೂಳೆಯ ಗೂಟದ ಸುತ್ತ ಮೊದಲನೆಯದು ಉಂಗುರವಾಗಿ ಸುತ್ತುತ್ತದೆ, ಕತ್ತು ತಿರುಗಿಸುವುದರಲ್ಲಿ ಹತ್ತಿರ ಹತ್ತಿರ ಅರ್ಧ ಪಾಲು ಅದೊಂದರದ್ದೇ. ಇಲ್ಲ ಅನ್ನಲು ತಲೆಯಾಡಿಸುವಾಗ ಕೆಲಸ ಮಾಡುವುದು ಅದು. ಹೂಂ ಅನ್ನುವಾಗ ತಲೆಬುರುಡೆ ಮೊದಲನೆಯ ಮೂಳೆಯ ಮೇಲೆ ತೂಗುತ್ತದೆ.

ಬೆರಳುಗಳ ಬುಡದ ಗೆಣ್ಣುಗಳದ್ದು ನಾಲ್ಕನೆಯ ಬಗೆ, ಮೊಟ್ಟೆಯಾಕಾರದ ಕೀಲು. ಅದು ಮಡಿಸುತ್ತದೆ, ಪಕ್ಕಕ್ಕೂ ಹೋಗುತ್ತದೆ. ಮಗಳಿಗೆ ಒಂದು ಆಟ ಹೇಳಿಕೊಡಿ. ಬೆರಳು ನೆಟ್ಟಗಿಟ್ಟು ಅಗಲಿಸಲಿ, ಸಲೀಸಾಗಿ ಅಗಲುತ್ತವೆ. ಈಗ ಆ ಬುಡದ ಗೆಣ್ಣುಗಳನ್ನು ಪೂರ್ತಿ 90 ಡಿಗ್ರಿ ಮಡಿಸಿ, ಹಾಗೇ ಇಟ್ಟುಕೊಂಡು ಅಗಲಿಸಲು ನೋಡಲಿ. ಹೆಚ್ಚುಕಮ್ಮಿ ಆಗುವುದೇ ಇಲ್ಲ! ಮಡಿಸಿದಾಗ ಎರಡೂ ಪಕ್ಕದ ಲಿಗಮೆಂಟುಗಳು ಬಿಗಿಯಾಗಿ ನಿಲ್ಲುತ್ತವೆ. ಬಸ್ಸಿನ ಕಂಬಿ ಹಿಡಿದಾಗ ಬೆರಳು ಅತ್ತಿತ್ತ ಜಾರದೆ ಗಟ್ಟಿಯಾಗಿ ಕೂರಲು ಇದೂ ಒಂದು ಕಾರಣ. ಒಂದೇ ಕೀಲು ಒಂದು ಭಂಗಿಯಲ್ಲಿ ಸಡಿಲ, ಇನ್ನೊಂದರಲ್ಲಿ ಬಿಗಿ. ಇದು ನೆನಪಿರಲಿ, ಮಂಡಿಯ ಮಾತು ಬಂದಾಗ ಬೇಕಾಗುತ್ತದೆ.

ಹೆಬ್ಬೆರಳಿನ ಬುಡದ್ದು ಐದನೆಯದು, ಜೀನು ಕೀಲು. ಒಂದು ಮೂಳೆ ಕುದುರೆಯ ಜೀನಿನ ಹಾಗೆ ಎರಡು ದಿಕ್ಕಿನಲ್ಲಿ ಬಾಗಿರುತ್ತದೆ, ಇನ್ನೊಂದು ಅದರ ಮೇಲೆ ಅಡ್ಡಲಾಗಿ ಕೂರುತ್ತದೆ. ಹೆಬ್ಬೆರಳು ಬೇರೆ ಬೆರಳುಗಳ ಎದುರಿಗೆ ಬಂದು ನಿಲ್ಲಲು ಸಾಧ್ಯವಾಗಿದ್ದೇ ಇದರಿಂದ. ಮುದ್ದೆ ಮುರಿದು ಬೆರಳುಗಳಲ್ಲಿ ಒತ್ತಿ ಉಂಡೆ ಮಾಡುವುದು, ಅನ್ನ ಕಲೆಸಿ ಹೆಬ್ಬೆರಳಿನಿಂದ ಬಾಯಿಗೆ ನೂಕುವುದು, ಮುದ್ರೆ ಹಿಡಿಯುವುದು, ಎಲ್ಲಕ್ಕೂ ಇದೇ ಆಧಾರ. ವಯಸ್ಸಾದ ಹೆಂಗಸರಿಗೆ ಬಟ್ಟೆ ಹಿಂಡುವಾಗ, ಡಬ್ಬದ ಮುಚ್ಚಳ ತೆಗೆಯುವಾಗ ಹೆಬ್ಬೆರಳಿನ ಬುಡ ನೋಯುತ್ತದಲ್ಲ, ಸವೆದಿರುವುದು ಹೆಚ್ಚಾಗಿ ಇದೇ ಕೀಲು.

ಕೊನೆಯದು ಗುಂಡು ಮತ್ತು ಗುಳಿಯ ಕೀಲು. ದೇಹದಲ್ಲಿ ಇದರ ಎರಡು ದೊಡ್ಡ ಜೋಡಿ ಇವೆ, ಭುಜ ಮತ್ತು ತೊಡೆಯ ಬುಡ, ಅಂದರೆ ಹಿಪ್. ಬಗೆ ಒಂದೇ ಆದರೂ ಸ್ವಭಾವ ಪೂರಾ ಬೇರೆ. ಭುಜದ ಗುಳಿ ತೀರಾ ಆಳವಿಲ್ಲದ್ದು, ಒಂದು ಹೊತ್ತಿಗೆ ಗುಂಡಿನ ಮೂರನೇ ಒಂದು ಭಾಗದಷ್ಟೂ ಅದರಲ್ಲಿ ಕೂರುವುದಿಲ್ಲ. ಹಾಗಾಗಿ ಕೈ ಎಲ್ಲಿಗೆ ಬೇಕಾದರೂ ಹೋಗುತ್ತದೆ, ಆದರೆ ದೊಡ್ಡ ಕೀಲುಗಳಲ್ಲಿ ಅತಿ ಹೆಚ್ಚು ಸಲ ಜಾರುವುದೂ ಭುಜವೇ. ಹಿಪ್‌ನಲ್ಲಿ ಗುಳಿ ಆಳ, ಗುಂಡು ಒಳಗೆ ಹುದುಗಿರುತ್ತದೆ. ಅದರ ಮುಂದೆ ಇಡೀ ದೇಹದಲ್ಲೇ ಅತ್ಯಂತ ಗಟ್ಟಿಯಾದ ಲಿಗಮೆಂಟ್ ಇದೆ. ನಮ್ಮ ಭಾರ ಹೊರಬೇಕಲ್ಲ, ಅದಕ್ಕೆ ಇಷ್ಟು ಭದ್ರ. ಆ ಭದ್ರತೆಗೆ ತೆತ್ತ ಬೆಲೆಯೇ ತಿರುವು. ದೊಡ್ಡವರಲ್ಲಿ ತೊಡೆ ಹೊರಕ್ಕೆ ತಿರುಗುವುದು ಸಾಮಾನ್ಯವಾಗಿ 45 ಡಿಗ್ರಿ ಆಸುಪಾಸು, ಒಬ್ಬೊಬ್ಬರಲ್ಲಿ ಒಂದೊಂದು ಥರ.

ಈಗ ಮಂಡಿಗೆ ಬರೋಣ. ಪುಸ್ತಕದಲ್ಲಿ ಬಾಗಿಲ ಕೀಲು ಅಂತ ಬರೆದಿರುವುದು ಶಾಲೆಯ ಮಟ್ಟಕ್ಕೆ ಸರಿ, ಪರೀಕ್ಷೆಯಲ್ಲಿ ಹಾಗೇ ಬರೆಯಲಿ. ಆದರೆ ಪೂರ್ತಿ ವಿಷಯ ಇನ್ನೂ ಚೆನ್ನಾಗಿದೆ. ಕುರ್ಚಿಯ ಮೇಲೆ ಕೂತು ಪಾದ ನೆಲಕ್ಕೆ ಊರಿ. ಮಂಡಿಚಿಪ್ಪಿನ ಕೆಳಗೆ ಕೆಳಗಾಲಿನ ಮೂಳೆಯ ಮೇಲೆ ಒಂದು ಉಬ್ಬು ಸಿಗುತ್ತದೆ, ಅದರ ಮೇಲೆ ಬೆರಳಿಡಿ. ತೊಡೆ ಅಲ್ಲಾಡಿಸದೆ ಕಾಲ್ಬೆರಳುಗಳನ್ನು ಹೊರಕ್ಕೆ, ಒಳಕ್ಕೆ ತಿರುಗಿಸಿ. ಬೆರಳಿನ ಕೆಳಗೆ ಆ ಉಬ್ಬು ಸರಿದಾಡುವುದು ಗೊತ್ತಾಗುತ್ತದೆ. ಅಂದರೆ ಮಡಿಸಿದ ಮಂಡಿ ತಿರುಗುತ್ತದೆ, ಹೊರಕ್ಕೆ ಸುಮಾರು 30 ಡಿಗ್ರಿ, ಒಳಕ್ಕೆ ಅದಕ್ಕಿಂತ ಕಡಿಮೆ. ಈಗ ಕಾಲು ನೆಟ್ಟಗೆ ಚಾಚಿ ಇದೇ ಮಾಡಿ. ಇಡೀ ಕಾಲು ಬುಡದಿಂದ ಹೊರಳುತ್ತದೆ, ಮಂಡಿಚಿಪ್ಪೂ ಜೊತೆಗೆ ಹೋಗುತ್ತದೆ, ಮಂಡಿಯೊಳಗೆ ತಿರುವು ಇಲ್ಲವೇ ಇಲ್ಲ ಅನ್ನಬಹುದು. ಕಾಲು ಪೂರ್ತಿ ನೆಟ್ಟಗಾಗುವ ಕೊನೆಯ ಕೆಲವು ಡಿಗ್ರಿಗಳಲ್ಲಿ ಮೂಳೆಗಳು ಒಂದರ ಮೇಲೊಂದು ಸ್ವಲ್ಪ ಸುತ್ತಿಕೊಂಡು ಲಾಕ್ ಆಗುತ್ತವೆ. ದರ್ಶಿನಿಯಲ್ಲಿ ಕಾಫಿ ಹಿಡಿದು ಎಷ್ಟು ಹೊತ್ತು ನಿಂತರೂ ತೊಡೆ ಅಷ್ಟಾಗಿ ದಣಿಯದೆ ಇರುವುದು ಈ ಲಾಕ್‌ನಿಂದ. ಮಡಿಸುವಾಗ ಮಂಡಿಯ ಹಿಂದಿರುವ ಒಂದು ಚಿಕ್ಕ ಸ್ನಾಯು ಅದನ್ನು ಬಿಡಿಸುತ್ತದೆ.

ಮಡಿಸಿದಾಗ ಸಿಗುವ ಈ ತಿರುವು ಪಾದ ಅಡ್ಡಾದಿಡ್ಡಿ ನೆಲದ ಮೇಲೆ ಹೊಂದಿಕೊಳ್ಳಲಿ ಅಂತ ಇರುವುದು. ಅದರ ಮೇಲೆ ಮೈಭಾರ ಹಾಕಿ, ಕೊನೆಯ ತುದಿಯವರೆಗೂ ತಿರುಚಿ, ದಿನಾ ನಿಲ್ಲಲಿ ಅಂತ ಅಲ್ಲ. ಮಂಡಿಯೊಳಗೆ ಎರಡು ಮೂಳೆಗಳ ಮಧ್ಯೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿವೆ, ಮೆನಿಸ್ಕಸ್ ಅಂತ ಹೆಸರು. ಒಳಬದಿಯದು ಪಕ್ಕದ ಲಿಗಮೆಂಟಿಗೆ ಅಂಟಿಕೊಂಡಿರುತ್ತದೆ, ಹೊರಬದಿಯದರಷ್ಟು ಸರಿದುಕೊಳ್ಳಲು ಅದಕ್ಕೆ ಆಗುವುದಿಲ್ಲ. ಮಂಡಿ ಮಡಿಸಿ, ಭಾರ ಹಾಕಿ, ತಿರುಚಿದಾಗ ಏಟು ಬೀಳುವುದು ಮೊದಲು ಅದಕ್ಕೆ ಮತ್ತು ಆ ಲಿಗಮೆಂಟಿಗೆ.

ಮಗಳು ಅರಮಂಡಿಯಲ್ಲಿ ನಿಂತಾಗ ನೀವು ಅವಳ ಎದುರು ನೆಲದ ಮೇಲೆ ಕೂತುಕೊಳ್ಳಿ. ಎರಡೂ ಮಂಡಿಚಿಪ್ಪಿನ ನಡುವೆ ಒಂದೊಂದು ಬಿಂದಿ ಅಂಟಿಸಿ. ಬಿಂದಿ ಆ ಕಾಲಿನ ಎರಡನೇ ಬೆರಳಿನ ಕಡೆಗೇ ಮುಖ ಮಾಡಿದೆಯಾ ನೋಡಿ. ಪಾದ ಪಕ್ಕಕ್ಕಿದೆ, ಬಿಂದಿ ಮಾತ್ರ ನಿಮ್ಮ ಕಡೆ ನೋಡುತ್ತಿದೆ ಅಂದರೆ, ಆ ಎರಡರ ನಡುವಿನ ವ್ಯತ್ಯಾಸವೆಲ್ಲ ಮಂಡಿ ಮತ್ತು ಪಾದದ ತಲೆಯ ಮೇಲೆ ಬಿದ್ದಿದೆ. ಪಾದದ ಒಳಕಮಾನು ನೆಲಕ್ಕೆ ಕುಸಿದಿದೆಯಾ ಅಂತಲೂ ನೋಡಿ. ಸೊಂಟ ಹಿಂದಕ್ಕೆ ಚಾಚಿ ಬೆನ್ನು ಬಿಲ್ಲಿನಂತೆ ಮಾಡಿಕೊಂಡಿದ್ದಾಳಾ? ಹಾಗೆ ಮಾಡಿದರೆ ಹಿಪ್‌ನ ಮುಂದಿನ ಆ ಗಟ್ಟಿ ಲಿಗಮೆಂಟ್ ಸಡಿಲಗೊಂಡು ತೊಡೆ ಇನ್ನಷ್ಟು ತಿರುಗಿದಂತೆ ಕಾಣುತ್ತದೆ, ಮಕ್ಕಳು ಗೊತ್ತಿಲ್ಲದೇ ಈ ಉಪಾಯ ಕಂಡುಕೊಳ್ಳುತ್ತಾರೆ, ಆಮೇಲೆ ಬೆನ್ನು ನೋವು ಶುರುವಾಗುತ್ತದೆ.

ಅವಳ ತೊಡೆ ನಿಜವಾಗಿ ಎಷ್ಟು ತಿರುಗುತ್ತದೆ ಅಂತ ಅಳೆಯುವುದೂ ಸುಲಭ. ಬೋರಲು ಮಲಗಿಸಿ, ಎರಡೂ ಮಂಡಿ ಸೇರಿಸಿ, ಒಂದು ಮಂಡಿಯನ್ನು 90 ಡಿಗ್ರಿ ಮಡಿಸಿ ಪಾದ ಮೇಲಕ್ಕೆ ಮಾಡಿಸಿ. ಆ ಪಾದ ಇನ್ನೊಂದು ಕಾಲಿನ ಕಡೆಗೆ ತಾನಾಗಿ ವಾಲಲು ಬಿಡಿ, ಸೊಂಟ ಎದ್ದೇಳಬಾರದು. ಪಾದ ಒಳಕ್ಕೆ ವಾಲಿದಷ್ಟು ತೊಡೆ ಹೊರಕ್ಕೆ ತಿರುಗುತ್ತಿದೆ ಅಂತ ಅರ್ಥ. ಹುಟ್ಟಿದಾಗ ತೊಡೆಮೂಳೆಯ ಕತ್ತು ಮುಂದಕ್ಕೆ 30 ರಿಂದ 40 ಡಿಗ್ರಿ ತಿರುಚಿಕೊಂಡಿರುತ್ತದೆ, ಬೆಳೆಯುತ್ತಾ ದೊಡ್ಡವರಾಗುವ ಹೊತ್ತಿಗೆ ಸುಮಾರು 15 ಡಿಗ್ರಿಗೆ ಇಳಿಯುತ್ತದೆ. ಈ ತಿರುಚು ಜಾಸ್ತಿ ಉಳಿದ ಮಕ್ಕಳಿಗೆ ತೊಡೆ ಒಳಕ್ಕೆ ಚೆನ್ನಾಗಿ ತಿರುಗುತ್ತದೆ, ಹೊರಕ್ಕೆ ಕಮ್ಮಿ. ಅದು ಮೂಳೆಯ ಆಕಾರ, ಸೋಮಾರಿತನ ಅಲ್ಲ, ಎಷ್ಟು ಬೈದರೂ ಎಷ್ಟು ಒತ್ತಿದರೂ ಬದಲಾಗುವುದಿಲ್ಲ. ಗುರುಗಳ ಜೊತೆ ಮಾತಾಡಿ. ಪಾದವನ್ನು ಮಂಡಿಚಿಪ್ಪಿಗೆ ಹೊಂದುವಷ್ಟು ಮಾತ್ರ ತಿರುಗಿಸಿ ನಿಲ್ಲಲು ಅವಕಾಶ ಕೊಡಿ ಅಂತ ಕೇಳಿ. ಪೃಷ್ಠದ ಒಳಗಿನ, ತೊಡೆಯನ್ನು ಹೊರಕ್ಕೆ ತಿರುಗಿಸುವ ಸ್ನಾಯುಗಳಿಗೆ ಬಲ ಬಂದಂತೆ ಅರಮಂಡಿ ತಾನಾಗಿ ಅಗಲವಾಗುತ್ತದೆ. ಇನ್ನೊಂದು, ಗ್ರಾನೈಟ್ ಮೇಲೆ, ಟೈಲ್ಸ್ ಮೇಲೆ ಪಾದ ನೆಲಕ್ಕೆ ಬಡಿಯುವ ತಟ್ಟಡವು ಗಂಟೆಗಟ್ಟಲೆ ಬೇಡ. ಮನೆಯಲ್ಲಿ ಅಭ್ಯಾಸ ಮಾಡುವಾಗ ಜಮಖಾನ ಹಾಸಿ, ಜಾರದ ಹಾಗೆ ನೋಡಿಕೊಳ್ಳಿ.

ನೋವು ಒಳಬದಿಯಲ್ಲಿ ಅಲ್ಲದೆ ನಾನು ಆಗ ಹೇಳಿದ ಆ ಉಬ್ಬಿನ ಮೇಲೇ ಇದ್ದರೆ, ಮುಟ್ಟಿದರೆ ಚುರುಕ್ ಅನ್ನುತ್ತಿದ್ದರೆ, ಅದು ಬೇರೆ ಕಥೆ. ಬೆಳೆಯುವ ವಯಸ್ಸಿನಲ್ಲಿ ತೊಡೆಯ ಸ್ನಾಯು ಆ ಜಾಗವನ್ನು ಎಳೆದೆಳೆದು ಬರುವ ನೋವು. ಕುಣಿತ, ನೆಗೆತ ಕೆಲವು ವಾರ ಕಮ್ಮಿ ಮಾಡಿದರೆ ತಗ್ಗುತ್ತದೆ, ಬೆಳವಣಿಗೆ ಮುಗಿದ ಮೇಲೆ ಸಾಮಾನ್ಯವಾಗಿ ಹೋಗಿಬಿಡುತ್ತದೆ.

ನಿಮ್ಮ ಪದ್ಮಾಸನ. ಸುಮ್ನೆ ಚಕ್ಕಳಮಕ್ಕಳ ಹಾಕಿ ಕೂತು ನೋಡಿ. ಮಂಡಿಗಳು ಸೊಂಟಕ್ಕಿಂತ ಮೇಲೆ ನಿಂತಿವೆ ಅಂದರೆ ಹಿಪ್ ಇನ್ನೂ ತಯಾರಿಲ್ಲ. ಆಗ ಪಾದ ಹಿಡಿದೆಳೆದು ತೊಡೆಯ ಮೇಲೆ ಹಾಕಿಕೊಂಡರೆ ತಿರುಚಿಕೊಳ್ಳುವುದು ಮಂಡಿ. ಮಡಿಸಿದ ಕಂಬಳಿಯ ಮೇಲೆ ಕೂತು ಸೊಂಟ ಎತ್ತರಿಸಿಕೊಳ್ಳಿ, ಅರ್ಧ ಪದ್ಮಾಸನದಲ್ಲೇ ನಿಲ್ಲಿಸಿ. ಮುಂದೆ ಹೋಗುವಾಗ ಮೊದಲು ಮಂಡಿ ಪೂರ್ತಿ ಮಡಿಸಿ, ಆಮೇಲೆ ಎರಡೂ ಕೈಯಲ್ಲಿ ಕೆಳಗಾಲನ್ನು ಎತ್ತಿಕೊಂಡು ತೊಡೆಯನ್ನು ಬುಡದಿಂದ ತಿರುಗಿಸಿ, ಕೊನೆಗೆ ಪಾದ ಇಡಿ. ತೊಡೆಯ ಬುಡದಲ್ಲಿ ಎಳೆತ ಗೊತ್ತಾದರೆ ಪರವಾಗಿಲ್ಲ. ಮಂಡಿಯಲ್ಲಿ ಗೊತ್ತಾದರೆ ಅಲ್ಲಿಗೇ ಬಿಡಿ, ಯಾರು ಏನೇ ಹೇಳಲಿ.

ಅತ್ತೆಯವರ ಭುಜ. ಪೂರ್ತಿ ಕೈ ಎತ್ತುವುದು 180 ಡಿಗ್ರಿ ಅಂದುಕೊಂಡರೆ ಅದರಲ್ಲಿ ಸುಮಾರು 120 ಗುಂಡಿನ ಕೀಲಿನದ್ದು, 60 ಹೆಗಲ ಮೂಳೆ ಬೆನ್ನಿನ ಮೇಲೆ ಸರಿಯುವುದರಿಂದ ಬರುತ್ತದೆ. ಅವರ ಬೆನ್ನಿನ ಮೇಲೆ ಅಂಗೈ ಇಟ್ಟು ಕೈ ಎತ್ತಲು ಹೇಳಿ. ನೋಯುವ ಕಡೆ ಹೆಗಲ ಮೂಳೆ ಶುರುವಿನಿಂದಲೇ ಎದ್ದು ಬರುತ್ತಿದ್ದರೆ ಒಳಗಿನ ಕೀಲು ಸರಿಯಾಗಿ ಬಿಟ್ಟುಕೊಡುತ್ತಿಲ್ಲ. ಇನ್ನೊಂದು ಪರೀಕ್ಷೆ: ಮೊಣಕೈ ಪಕ್ಕೆಗೆ ಒತ್ತಿ 90 ಡಿಗ್ರಿ ಮಡಿಸಿ, ನೀವೇ ಮೆಲ್ಲಗೆ ಅವರ ಮುಂಗೈಯನ್ನು ಹೊರಕ್ಕೆ ತಿರುಗಿಸಿ. ನೀವು ತಿರುಗಿಸಿದರೂ ಹೋಗುತ್ತಿಲ್ಲ ಅಂದರೆ ಫ್ರೋಜನ್ ಶೋಲ್ಡರ್ ಇರುವ ಸಾಧ್ಯತೆ ಜಾಸ್ತಿ, ಕೀಲಿನ ಚೀಲವೇ ದಪ್ಪವಾಗಿ ಕುಗ್ಗಿಕೊಳ್ಳುವ ತೊಂದರೆ ಅದು. ನೀವು ಎತ್ತಿದರೆ ಕೈ ಹೋಗುತ್ತದೆ, ಅವರೇ ಎತ್ತಲು ಆಗುತ್ತಿಲ್ಲ ಅಂದರೆ ಭುಜದ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು, ಹರಿದಿರಬಹುದು, ಡಾಕ್ಟರ್ ನೋಡಲೇಬೇಕು. ಫ್ರೋಜನ್ ಶೋಲ್ಡರ್ ಹೆಚ್ಚಾಗಿ 40 ರಿಂದ 60 ವರ್ಷದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಅತ್ತೆಗೆ ಒಮ್ಮೆ ಶುಗರ್ ಟೆಸ್ಟ್ ಮಾಡಿಸಿ. ಇದು ನಿಧಾನಕ್ಕೆ ಬಿಡುತ್ತದೆ, ಒಂದರಿಂದ ಮೂರು ವರ್ಷ ಹಿಡಿಯಬಹುದು. ನೋವು ಜೋರಾಗಿರುವ ಮೊದಲ ತಿಂಗಳುಗಳಲ್ಲಿ ಒತ್ತಾಯವಾಗಿ ಎಳೆಸಬೇಡಿ. ಮುಂದಕ್ಕೆ ಬಗ್ಗಿ ಕೈ ಇಳಿಬಿಟ್ಟು ತೂಗುವುದು, ಗೋಡೆಯ ಮೇಲೆ ಬೆರಳುಗಳನ್ನು ಮೇಲಕ್ಕೆ ನಡೆಸುವುದು, ತಡೆಯುವಷ್ಟೇ, ದಿನಾ.

ನೆಟಿಕೆ ಮುರಿದರೆ ಸಂಧಿವಾತ ಬರುವುದಿಲ್ಲ. ಬೆರಳು ಎಳೆದಾಗ ಕೀಲಿನೊಳಗೆ ಒತ್ತಡ ಇಳಿದು ದ್ರವದಲ್ಲಿ ಅನಿಲದ ಗುಳ್ಳೆಯ ಜಾಗ ಉಂಟಾಗುತ್ತದೆ, ಶಬ್ದ ಅದಕ್ಕೆ ಸೇರಿದ್ದು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರಲ್ಲಿ ಎಂಆರ್‌ಐ ಯಂತ್ರದೊಳಗೆ ಬೆರಳು ಎಳೆಸಿ ಇದನ್ನು ಚಿತ್ರವಾಗಿ ಹಿಡಿದರು. ಮತ್ತೆ ಅದೇ ಬೆರಳಲ್ಲಿ ಶಬ್ದ ಬರಲು ಸುಮಾರು 20 ನಿಮಿಷ ಬೇಕು. ಅಮೆರಿಕದ ಡಾಕ್ಟರ್ ಡೊನಾಲ್ಡ್ ಉಂಗರ್ ಸುಮಾರು 50 ವರ್ಷ ಒಂದೇ ಕೈಯ ನೆಟಿಕೆ ಮುರಿದು, ಇನ್ನೊಂದನ್ನು ಹಾಗೇ ಬಿಟ್ಟು, ಎರಡೂ ಕೈಯಲ್ಲಿ ಸಂಧಿವಾತ ಇಲ್ಲ ಅಂತ 1998ರಲ್ಲಿ ವರದಿ ಮಾಡಿದರು. ಒಬ್ಬರ ಕೈ ಮಾತ್ರ ಅದು, ಆದರೂ ಅಷ್ಟು ವರ್ಷದ ತಾಳ್ಮೆ ನನಗೆ ಇಷ್ಟ. ಮಂಡಿ ಲಟಲಟ ಅನ್ನುವುದೂ ನೋವು, ಊತ ಇಲ್ಲದಿದ್ದರೆ ಚಿಂತೆಯಲ್ಲ.

ಚಿಂತೆ ಮಾಡಬೇಕಾದ್ದು ಇವಕ್ಕೆ: ಮಂಡಿ ಊದಿಕೊಂಡರೆ, ಮಡಿಸಿದ್ದು ಚಾಚಲಾಗದೆ ಸಿಕ್ಕಿಕೊಂಡರೆ, ನಡೆಯುವಾಗ ಕೈಕೊಟ್ಟಂತೆ ಕುಸಿದರೆ, ರಾತ್ರಿ ನೋವಿಗೆ ನಿದ್ದೆಯಿಂದ ಎಚ್ಚರವಾದರೆ. ಕೀಲು ಬಿಸಿಯಾಗಿ ಕೆಂಪಾಗಿ ಜೊತೆಗೆ ಜ್ವರವಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮಗಳಿಗೆ ಮಂಡಿ ನೋವಿನ ಜೊತೆ ಕುಂಟು ನಡಿಗೆ ಕಂಡರೆ ಹಿಪ್ ಕೂಡ ಪರೀಕ್ಷೆ ಮಾಡಿ ಅಂತ ಮೂಳೆ ಡಾಕ್ಟರಿಗೆ ನೀವೇ ಹೇಳಿ. ಬೆಳೆಯುವ ಮಕ್ಕಳಲ್ಲಿ ಹಿಪ್‌ನ ತೊಂದರೆ ಎಷ್ಟೋ ಸಲ ಮಂಡಿಯ ನೋವಾಗಿಯೇ ಕಾಣಿಸಿಕೊಳ್ಳುತ್ತದೆ.